ಪಟ್ಟಿ ಸಡಿಲ ಮಾಡಿಸಿದೆ, ತೂಕ ಇಳಿಯಿತು

2012ರ ಬೇಸಿಗೆಯಲ್ಲಿ ನಮ್ಮ ಗಿರಣಿಯ ಕಾಟಾದ ಮೇಲೆ ಸುಮ್ಮನೆ ಚೇಷ್ಟೆಗೆಂದು ನಿಂತೆ. 128. ಪಕ್ಕದಲ್ಲಿದ್ದ ಹಮಾಲ "ಸಾವ್ಕಾರ್ರು ಎರಡು ಚೀಲಕ್ಕ ಸ್ವಲ್ಪನ ಕಡಿಮಿ ಅದಾರ" ಅಂದ. ನಮ್ಮ ಕಾರಟಗಿ ಕಡೆ ಭತ್ತದ ಚೀಲ ಅಂದರೆ 75 ಕೆಜಿ. ಅವನ ಲೆಕ್ಕ ಏನೂ ತಪ್ಪಿರಲಿಲ್ಲ. ಇವತ್ತು ಅದೇ ಕಾಟಾ 86, 87 ತೋರಿಸುತ್ತದೆ. ಐದು ವರ್ಷದ ಮೇಲಾಯಿತು, ಅಲ್ಲೇ ಇದೆ.

ನಡುವೆ ಆದದ್ದು ಪಟ್ಟಿಯ ಆಪರೇಷನ್ನು: ಜಠರದ ಮೇಲ್ಭಾಗಕ್ಕೆ ಒಂದು ಪಟ್ಟಿ ಕಟ್ಟುತ್ತಾರೆ, ಅದಕ್ಕೆ ಸಲೈನ್ (ಉಪ್ಪುನೀರು) ತುಂಬಿದಷ್ಟೂ ಬಿಗಿ, ತೆಗೆದಷ್ಟೂ ಸಡಿಲ. ಅದರ ಕಥೆ ಬಿಡುತ್ತೇನೆ. ಹೊಟ್ಟೆಗೆ ಪಟ್ಟಿ ಹಾಕಿಸಿಕೊಂಡವರಿಗೆ ಅದೆಲ್ಲ ಗೊತ್ತಿದ್ದದ್ದೇ: ಎರಡು ವಾರ ನೀರು-ನೀರು, ಆಮೇಲೆ ರುಬ್ಬಿದ್ದು, ಆಮೇಲೆ ಮೆತ್ತಗಿನದು. ಖರ್ಚು ಮಾತ್ರ ಹೇಳಬೇಕು. ಬೆಂಗಳೂರಲ್ಲಿ ಎಲ್ಲ ಸೇರಿ ಮೂರು ಲಕ್ಷದ ಮೇಲೆ ಇಪ್ಪತ್ತೈದೋ ಮೂವತ್ತೋ ಸಾವಿರ. ವಿಮೆಯವರು ತೂಕದ ಆಪರೇಷನ್ನಿಗೆ ಒಂದು ಪೈಸೆ ಕೊಡುವುದಿಲ್ಲ ಅಂದರು. ಆ ವರ್ಷದ ಬೇಸಿಗೆ ಬೆಳೆಯ ರೊಕ್ಕ ಪೂರಾ ಅಲ್ಲಿಗೆ ಹೋಯಿತು.

ಮೊದಲ ವರ್ಷ ರಾಜನ ಹಾಗಿದ್ದೆ. 128 ಇದ್ದವನು 97ಕ್ಕೆ ಬಂದೆ. ಅಲ್ಲಿ ನಿಂತಿತು. ನಿಂತಾಗಲೆಲ್ಲ ನನಗೆ ಗೊತ್ತಿದ್ದ ಮದ್ದು ಒಂದೇ, ಹೋಗಿ ಪಟ್ಟಿಗೆ ಇನ್ನಷ್ಟು ಸಲೈನ್ ತುಂಬಿಸಿಕೊಂಡು ಬರುವುದು. ನನ್ನದು ಹತ್ತು ಎಂಎಲ್ ಹಿಡಿಯುವ ಪಟ್ಟಿ. ನಾಲ್ಕು ಮಾಡಿಸಿದೆ, ಐದು ಮಾಡಿಸಿದೆ, ಕೊನೆಗೆ 6.8. ಒಂದೊಂದು ಸಲಕ್ಕೂ ಬಸ್ಸಲ್ಲಿ ಹೊಸಪೇಟೆ, ಅಲ್ಲಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್, ಲಾಡ್ಜು, ಆಸ್ಪತ್ರೆ ಫೀಸು ಎಂದು ಆರೇಳು ಸಾವಿರ ಕರಗುತ್ತಿತ್ತು. ಹೀಗೆ ಹನ್ನೊಂದೋ ಹನ್ನೆರಡೋ ಸಲ.

ನಡುವೆ ಒಂದು ಜಾಣತನ ಮಾಡಿದೆ. ಇಷ್ಟು ದೂರ ಯಾಕೆ, ಒಂದು ಸೂಜಿ ಚುಚ್ಚುವ ಕೆಲಸ ತಾನೆ ಎಂದು ಇಲ್ಲೇ ಹತ್ತಿರದವರೊಬ್ಬರ ಕೈಲಿ ಐನೂರು ರೂಪಾಯಿಗೆ ಹಾಕಿಸಿಕೊಂಡೆ. ಅವರು ಮಾಮೂಲಿ ಸಿರಿಂಜಿನ ಸೂಜಿ ಚುಚ್ಚಿದರು. ಪೋರ್ಟಿಗೆ, ಅಂದರೆ ಸಲೈನ್ ತುಂಬಲು ಚರ್ಮದಡಿ ಕೂರಿಸಿದ ಬಿಲ್ಲೆಗೆ, ಬೇರೆಯೇ ಸೂಜಿ ಬೇಕು, ರಬ್ಬರನ್ನು ಕೊರೆಯದೆ ಸೀಳಿಕೊಂಡು ಹೋಗುವಂಥದ್ದು. ನನ್ನ ಪೋರ್ಟು ಸೋರತೊಡಗಿತು. ಎರಡು ತಿಂಗಳು, ಹಾಕಿಸಿದ ನೀರೆಲ್ಲ ಎಲ್ಲಿ ಹೋಗುತ್ತಿದೆ ಎಂದು ತಲೆ ಕೆಡಿಸಿಕೊಂಡೆ. ಪೋರ್ಟು ಬದಲಿಸಲು ನಲವತ್ತು ಸಾವಿರದ ಮೇಲಾಯಿತು. ಐನೂರು ಉಳಿಸಲು ಹೋದವನ ಲೆಕ್ಕ ಇದು.

ಈಗ ಮುಖ್ಯ ವಿಷಯ. ಬಿಗಿ ಮಾಡಿಸಿದಷ್ಟೂ ನನ್ನ ತೂಕ ಏರಿತು. 97 ಇದ್ದದ್ದು 103 ಆಯಿತು, 110 ಆಯಿತು. ಯಾರಿಗೆ ಹೇಳಿದರೂ ನಂಬಲಿಲ್ಲ. ಆದದ್ದಿಷ್ಟೇ: 6.8ರಲ್ಲಿ ರೊಟ್ಟಿ ಇಳಿಯುತ್ತಿರಲಿಲ್ಲ, ಪಲ್ಯ ಇಳಿಯುತ್ತಿರಲಿಲ್ಲ, ಎರಡು ತುತ್ತು ಅನ್ನಕ್ಕೆ ಎದೆಯಲ್ಲಿ ಕಲ್ಲು ಕೂತಂತಾಗಿ ಬಾಯಿ ತುಂಬ ಲೋಳೆ ಬರುತ್ತಿತ್ತು. ಗಂಗಾವತಿಯಲ್ಲಿ ಒಂದು ಮದುವೆ. ಬೀಗರು ಒತ್ತಾಯ ಮಾಡಿದರೆಂದು ಅನ್ನ ಸಾರು ಕಲಸಿ ಮೂರನೇ ತುತ್ತು ನುಂಗಿದವನು ಕಲ್ಯಾಣ ಮಂಟಪದ ಹಿಂದೆ ಪಾತ್ರೆ ತೊಳೆಯುವವರ ಪಕ್ಕ ಮುಕ್ಕಾಲು ತಾಸು ಬಗ್ಗಿ ನಿಂತಿದ್ದೆ. ಆದರೆ ಒಗ್ಗರಣಿ ಮಂಡಕ್ಕಿ ಇಳಿಯುತ್ತಿತ್ತು, ಬಾಯಲ್ಲೇ ನೆನೆದು ಹಿಟ್ಟಾಗುತ್ತದಲ್ಲ. ಮಿರ್ಚಿಯ ಮೇಲಿನ ಹಿಟ್ಟು ಇಳಿಯುತ್ತಿತ್ತು. ಕುಲ್ಫಿ, ಬಾದಾಮಿ ಹಾಲು, ಪೇಡೆಯನ್ನಂತೂ ಕೇಳಲೇಬೇಡಿ. ದಿನವಿಡೀ ಅವೇ. ಊಟ ಮಾಡದ ಮನುಷ್ಯ ಎಂದು ಮನೆಯವರು ಮರುಗುತ್ತಿದ್ದರು, ನಾನು ದಪ್ಪಗಾಗುತ್ತಿದ್ದೆ.

ಜೊತೆಗೆ ರಾತ್ರಿ ಕೆಮ್ಮು. ಅಕ್ಕಿ ಗಿರಣಿಯವನಲ್ಲವೇ, ಹೊಟ್ಟಿನ ಧೂಳಿನ ಅಸ್ತಮಾ ಎಂದು ಎಂಟು ತಿಂಗಳು ಪಂಪ್ ಎಳೆದೆ. ಎರಡು ದಿಂಬು, ಆಮೇಲೆ ಮೂರು ದಿಂಬು. ತಿಂದದ್ದು ಪಟ್ಟಿಯ ಮೇಲೆ ನಿಂತು, ಮಲಗಿದಾಗ ಗಂಟಲಿಗೆ ವಾಪಸ್ ಬರುತ್ತಿದೆ ಎಂದು ಯಾರಿಗೂ ಹೊಳೆಯಲಿಲ್ಲ, ನನಗೂ.

2018ರಲ್ಲಿ ನನ್ನ ಭಾವಮೈದ ಸ್ಲೀವ್, ಅಂದರೆ ಜಠರದ ಬಹುಪಾಲು ಕತ್ತರಿಸಿ ತೆಗೆಯುವ ಆಪರೇಷನ್ನು, ಮಾಡಿಸಿಕೊಂಡ. ಅವನದು ಒಂದೇ ಪಾಠ: "ಮಾಮಾ, ಪಟ್ಟಿ ಕಾಲ ಮುಗೀತು. ತೆಗೆಸಿ ಒಗೀರಿ." ಆಸ್ಪತ್ರೆಯವರೂ ಅದನ್ನೇ ಅಂದರು, ಐದು ಲಕ್ಷದ ಅಂದಾಜು ಕೊಟ್ಟರು. ನಾನು ಮೂರು ತಿಂಗಳು ಗಡುವು ಕೇಳಿ ಒಂದೂವರೆ ಎಂಎಲ್ ತೆಗೆಯಿರಿ ಅಂದೆ. ಡಾಕ್ಟರು ಎಕ್ಸ್‌ರೇಯಲ್ಲಿ ಕಾಣುವ ಬೇರಿಯಂ ದ್ರವ ಕುಡಿಸಿ, ಪಟ್ಟಿ ಜಾರಿಲ್ಲ ಎಂದು ನೋಡಿಕೊಂಡು ಒಪ್ಪಿದರು. ಮನೆಯಲ್ಲಿ ರಣರಂಗ. "ಅಷ್ಟ್ ರೊಕ್ಕ ಸುರುವಿ ಕಟ್ಟಿಸ್ಕೊಂಡಿದ್ದನ್ನ ಮತ್ತ ರೊಕ್ಕ ಕೊಟ್ಟು ಬಿಚ್ಚಿಸ್ಕೊಂಡ್ ಬಂದೀರಲ್ರೀ" ಎಂದಳು ನಮ್ಮಾಕೆ. ಮೊದಲ ಹದಿನೈದು ದಿನದಲ್ಲಿ ಎರಡು ಕೆಜಿ ಏರಿತು ಬೇರೆ. ಆದರೆ ಮೂರನೇ ರಾತ್ರಿಗೆ ಕೆಮ್ಮು ನಿಂತಿತ್ತು. ಅದಕ್ಕೇ ಧೈರ್ಯ ಬಂತು.

5.3ರಲ್ಲಿ ಗಟ್ಟಿ ಊಟ ಇಳಿಯತೊಡಗಿತು. ಗಟ್ಟಿಯಾದದ್ದು ಪಟ್ಟಿಯನ್ನು ಒತ್ತಿಕೊಂಡು ದಾಟುವಾಗಲೇ ಹೊಟ್ಟೆ ತುಂಬಿತು ಅನ್ನಿಸುವುದು. ನೀರಾದದ್ದು ಸರಕ್ಕನೆ ಹೋಗುತ್ತದೆ, ತಾಸಿಗೆ ಮತ್ತೆ ಹಸಿವು. ಇದನ್ನು ಮೊದಲ ದಿನವೇ ಹೇಳಿರುತ್ತಾರೆ, ನಾವು ಕೇಳಿರುವುದಿಲ್ಲ.

ನನ್ನನ್ನು ಉಳಿಸಿದ್ದು ಕಡಕ್ ರೊಟ್ಟಿ. ಬಿಸಿ ರೊಟ್ಟಿ ಮೆತ್ತಗೆ, ಉಂಡೆಯಾಗಿ ಸಿಕ್ಕಿಕೊಳ್ಳುತ್ತದೆ. ಕಡಕ್ ರೊಟ್ಟಿ ಹಲ್ಲಿಗೆ ಕೆಲಸ ಕೊಟ್ಟು ಪುಡಿಯಾಗಿಯೇ ಹೋಗುತ್ತದೆ. ಹುಬ್ಬೇರಿಸಬೇಡಿ, ಒಮ್ಮೆ ನೋಡಿ. ಅರ್ಧ ರೊಟ್ಟಿಗೆ ಇಪ್ಪತ್ತು ನಿಮಿಷ. ಆದರೆ ರೊಟ್ಟಿ ಕೊನೆಗೆ. ಮೊದಲು ಕಾಳು: ಮಡಿಕೆ, ಹೆಸರು, ಅಲಸಂದಿ, ಮೊಳಕೆ ಬರಿಸಿ ಬೇಯಿಸಿದ್ದು, ಒಂದು ಸಣ್ಣ ಬಟ್ಟಲು. ಇಲ್ಲವೇ ಗಟ್ಟಿ ಝುಣಕ, ಇಲ್ಲವೇ ಪನೀರು. ದಿನಕ್ಕೆ ಅರವತ್ತು ಗ್ರಾಂ ಪ್ರೊಟೀನ್ ಅನ್ನುತ್ತಾರೆ, ನಮ್ಮಂಥ ಕಾಯಿಪಲ್ಯದ ಮನೆಯಲ್ಲಿ ನಲವತ್ತೈದು, ಐವತ್ತು ಆದರೆ ಪುಣ್ಯ. ಉಳಿದದ್ದಕ್ಕೆ ಗಿರಣಿ ಆಫೀಸಿನಲ್ಲಿ ಮಧ್ಯಾಹ್ನ ಎರಡು ಮೊಟ್ಟೆ. ಮನೆಯಲ್ಲಿ ಗೊತ್ತಿಲ್ಲ, ಗೊತ್ತಿಲ್ಲ ಎಂದುಕೊಂಡಿದ್ದೇನೆ. ಪುಂಡಿ ಪಲ್ಯದ ನಾರು ಕೆಲವರಿಗೆ ಸಿಕ್ಕಿಕೊಳ್ಳುತ್ತದೆ, ಸಣ್ಣಗೆ ಹೆಚ್ಚಿಸಿ.

ಶೇಂಗಾ ಚಟ್ನಿಯಲ್ಲಿ ನಾನು ಏಮಾರಿದೆ. ಪ್ರೊಟೀನ್ ಇದೆ ಎಂದು ಹಾಕಿಕೊಂಡೇ ಹಾಕಿಕೊಂಡೆ. ನೂರು ಗ್ರಾಂ ಶೇಂಗಾಕ್ಕೆ 560ರ ಮೇಲೆ ಕ್ಯಾಲೊರಿ. ಅದಕ್ಕೇ ಈಗ ಗುರೆಳ್ಳು, ಅಗಸಿ, ಪುಟಾಣಿ ಹಾಕಿ ಒಂದು ಪುಡಿ ಮಾಡಿಸುತ್ತೇನೆ, ಅಳತೆ ಚಮಚದಲ್ಲಿ ಒಂದೇ ಚಮಚ. ಅದರಲ್ಲಿ ಇನ್ನೊಂದು ಸಾಮಾನು ಬೀಳುತ್ತದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಅಕ್ಕಿಯ ಪ್ರಯೋಗವನ್ನು ಹೇಳದಿದ್ದರೆ ನಾನು ಗಿರಣಿಯವನೇ ಅಲ್ಲ. ಹೊಸ ಸೋನಾ ಮಸೂರಿ, ವರ್ಷ ಹಳೆಯದು, ಸ್ಟೀಮ್ ಅಕ್ಕಿ ಮೂರನ್ನೂ ಬೇರೆ ಬೇರೆ ದಿನ ಬೇಯಿಸಿ ಚಮಚ ಎಣಿಸಿ ತಿಂದೆ. ಹೊಸದು ಎರಡನೇ ಚಮಚಕ್ಕೇ ನಿಂತಿತು. ಹಳೆಯದು ಉದುರುದುರು ಆಗುವುದರಿಂದ ನಾಲ್ಕೋ ಐದೋ ಹೋಯಿತು. ಸ್ಟೀಮ್ ಅಕ್ಕಿ ನಡುವೆ ಎಲ್ಲೋ. ಕೊನೆಗೆ ನವಣೆ ಅನ್ನ ಗೆದ್ದಿತು. ಲಾರಿಗಟ್ಟಲೆ ಅಕ್ಕಿ ಕಳಿಸುವವನ ಮನೆಯಲ್ಲಿ ನವಣೆ ಬೇಯುತ್ತದೆ, ನಮ್ಮ ಗಿರಾಕಿಗಳಿಗೆ ಹೇಳಬೇಡಿ. ಅಂಬಲಿಯನ್ನೂ ಮಾಡಿ ನೋಡಿದೆ, ತಂಪು ಸರಿ, ಹೊಟ್ಟೆ ನಿಲ್ಲುವುದಿಲ್ಲ. ಮೂರು ಸಾವಿರದ ಪ್ರೊಟೀನ್ ಪುಡಿ ಡಬ್ಬಿ ತಂದು ಅರ್ಧವೂ ಮುಗಿಸಲಿಲ್ಲ. ಗುಮಾಸ್ತನ ಮಗ ಜಿಮ್ಮಿಗೆ ಹೋಗುತ್ತಾನೆ, ಅವನ ತೋಳು ದಪ್ಪವಾದವು.

ನೀರು ನಮ್ಮ ಕಡೆಯವರಿಗೆ ದೊಡ್ಡ ಕಷ್ಟ. ಏಪ್ರಿಲ್, ಮೇನಲ್ಲಿ 42 ಡಿಗ್ರಿ, ಊಟದ ಜೊತೆ ನೀರು ಕುಡಿಯುವಂತಿಲ್ಲ. ಊಟಕ್ಕೆ ಕಾಲು ತಾಸು ಮುಂಚೆ ನಿಲ್ಲಿಸುತ್ತೇನೆ, ಊಟವಾಗಿ ಮುಕ್ಕಾಲು ತಾಸಿಗೆ ಶುರು. ಉಳಿದ ಹೊತ್ತು ಕೈಯಲ್ಲಿ ಬಾಟ್ಲಿ, ಗುಟುಕು ಗುಟುಕು. ಒಂದು ಬೇಸಿಗೆ ಇದನ್ನು ಸಡಿಲ ಬಿಟ್ಟು ಮೂರು ಕೆಜಿ ಹತ್ತಿಸಿಕೊಂಡೆ. ನೀರು ತಿಂದದ್ದನ್ನು ತೊಳೆದುಕೊಂಡು ಹೋಗುತ್ತದೆ ಅನ್ನುತ್ತಾರೆ, ನನಗಂತೂ ಬಟ್ಟಲು ಎರಡನೇ ಸಲ ತುಂಬುತ್ತಿತ್ತು.

ಬೆಳಿಗ್ಗೆ ಪಟ್ಟಿ ಬಿಗಿ ಇರುತ್ತದೆ ಎಂದು ನಿಮಗೂ ಅನುಭವಕ್ಕೆ ಬಂದಿರಬಹುದು. ಎಂಟಕ್ಕೆ ಉಪ್ಪಿಟ್ಟು ತಿನ್ನುವ ಹಟ ಬಿಟ್ಟೆ. ಒಂದು ಲೋಟ ಬಿಸಿ ನೀರು, ಹತ್ತೂವರೆ ಹನ್ನೊಂದಕ್ಕೆ ಮೊದಲ ಊಟ.

ಹೀಗೆ 112ರಿಂದ 84ಕ್ಕೆ ಬರಲು ಎರಡು ವರ್ಷ ಹತ್ತಿರ ಹಿಡಿಯಿತು. ಆಮೇಲೆ ಎರಡು ಮೂರು ಕೆಜಿ ಹಿಂದೆ ಮುಂದೆ. ಸಡಿಲ ಮಾಡಿಸಿದ ಮೇಲೆ ಬರೀ ಎರಡು ಸಲ ಪಟ್ಟಿ ಮುಟ್ಟಿಸಿದ್ದೇನೆ, ಅದೂ 0.2 ಎಂಎಲ್‌ನಂತೆ. ನಿಮ್ಮ ಪಟ್ಟಿಯ ಲೆಕ್ಕ ಬೇರೆ ಇರುತ್ತದೆ, ಬೇರಿಯಂ ತೋರಿಸದೆ ನನ್ನ ಅಂಕಿ ಹಿಡಿದು ಡಾಕ್ಟರ ಬಳಿ ಜಗಳಕ್ಕೆ ಹೋಗಬೇಡಿ.

ಹೋದ ಸಲ ಕೊಪ್ಪಳದ ಗವಿಮಠದ ಜಾತ್ರೆಗೆ ಇಡೀ ಮನೆ ಹೋಗಿದ್ದೆವು. ದಾಸೋಹದಲ್ಲಿ ಕಡಕ್ ರೊಟ್ಟಿ, ಪಲ್ಯ, ಮಾದಲಿ. ಊರೂರಿಂದ ಬಂಡಿಗಟ್ಟಲೆ ಬಂದ ರೊಟ್ಟಿ, ನನಗೆ ಹೇಳಿ ಮಾಡಿಸಿದಂತಿತ್ತು. ಒಂದು ರೊಟ್ಟಿ ಮುಗಿಸಲು ನಲವತ್ತು ನಿಮಿಷ ಕೂತೆ, ಮಾದಲಿ ಒಂದು ಚಿಟಿಕೆ ಪ್ರಸಾದ. ಭಾವಮೈದ ಎದುರಿಗೆ ಕೂತು ನೋಡುತ್ತಿದ್ದ. ಅವನ ಸ್ಲೀವಿಗೂ ಈಗ ಹನ್ನೆರಡು ಕೆಜಿ ವಾಪಸ್ ಬಂದಿದೆ. ಮನೆಗೆ ಬಂದವನೇ ಅಕ್ಕನ ಹತ್ತಿರ ಪುಡಿ ಕೇಳಿದ್ದಾನೆ. ಅವಳು ಒಂದು ಡಬ್ಬಿ ಕೊಟ್ಟಿದ್ದಾಳೆ, ಏನು ಹಾಕಿದ್ದು ಎಂದು ಹೇಳಿಲ್ಲವಂತೆ.