ಟೈಮ್ ಸ್ಟೆಪ್ ಇಳಿಸಿದಷ್ಟೂ ಬೇಗ ಸಿಡಿಯುತ್ತಿದ್ದ ರಕ್ತನಾಳ

"ಟೈಮ್ ಸ್ಟೆಪ್ ಸಣ್ಣದು ಮಾಡು, ಸರಿಹೋಗುತ್ತೆ." ಮಹಾಪಧಮನಿಯಲ್ಲಿ ರಕ್ತ ಹರಿಯುವುದು, ಅದಕ್ಕೆ ನಾಳದ ಗೋಡೆ ಉಬ್ಬಿ ಇಳಿಯುವುದು, ಎರಡನ್ನೂ ಕಂಪ್ಯೂಟರ್‌ನಲ್ಲಿ ಸಣ್ಣ ಸಣ್ಣ ಕಾಲದ ಹೆಜ್ಜೆಗಳಲ್ಲಿ (ಟೈಮ್ ಸ್ಟೆಪ್) ಲೆಕ್ಕ ಹಾಕುತ್ತಿದ್ದ ನನಗೆ ಈ ಮಾತು ಹೇಳದವರಿಲ್ಲ. ಮಾಡಿ ನೋಡಿದೆ. 1 ಮಿಲಿಸೆಕೆಂಡ್‌ನಿಂದ 0.1ಕ್ಕೆ ಇಳಿಸಿದೆ. ಹತ್ತನೇ ಸ್ಟೆಪ್‌ಗೆ ಸಿಡಿಯುತ್ತಿದ್ದ ಮಹಾಪಧಮನಿ ಆರನೆಯದಕ್ಕೇ ಸಿಡಿಯಿತು. 0.01 ಮಾಡಿದಾಗ ಇನ್ನೂ ಬೇಗ. ಲಾಗ್ ಫೈಲ್ ನೋಡಿದರೆ ಒತ್ತಡ ಒಂದು ಸ್ಟೆಪ್‌ನಲ್ಲಿ ಪ್ಲಸ್, ಮುಂದಿನದರಲ್ಲಿ ಮೈನಸ್, ಪ್ರತಿ ಸಲ ದುಪ್ಪಟ್ಟು. ಕೊನೆಗೆ ಮೆಶ್‌ನಲ್ಲಿ, ಅಂದರೆ ನಾಳವನ್ನು ಸಣ್ಣ ತುಂಡುಗಳಾಗಿ ಒಡೆದ ಜಾಲದಲ್ಲಿ, ನೆಗೆಟಿವ್ ವಾಲ್ಯೂಮ್: ತುಂಡುಗಳೇ ಒಳಹೊರಗು.

ಸಿದ್ದಾಪುರದ ಹತ್ತಿರ ನಮ್ಮ ತೋಟದ ಮನೆಯಲ್ಲೇ ಕೂತು ಈ ಕೆಲಸ ಮಾಡುವುದು. ಆ ವರ್ಷದ ಒಳ್ಳೆಮೆಣಸಿನ ದುಡ್ಡಲ್ಲಿ ಸುಮಾರು ಎರಡೂಮುಕ್ಕಾಲು ಲಕ್ಷ ಕೊಟ್ಟು ಮಷೀನ್ ತಂದಿದ್ದೆ. ಜುಲೈ ಮಳೆಗೆ ಕರೆಂಟ್ ಹೋದರೆ ಎರಡು ದಿನ ಬರುವುದಿಲ್ಲ. ಹಾಗಾಗಿ ಒಂದು ತಿಂಗಳು ಕ್ಲೌಡ್ ಬಾಡಿಗೆಗೆ ತಗೊಂಡೆ. ಮೂವತ್ತೆಂಟು ಸಾವಿರ ಹೋಯಿತು. ಒಂದೇ ಒಂದು ಹೃದಯ ಬಡಿತವೂ ಪೂರ್ತಿಯಾಗಲಿಲ್ಲ. "ಇದು ಮನೆಯಲ್ಲಿ ಕೂತು ಆಗೋ ಕೆಲಸ ಅಲ್ಲ ಮಾರಾಯ" ಅಂದರು ಜೊತೆಯವರು.

ದಾರಿ ಕಂಡದ್ದು ಒಂದು ಸಣ್ಣ ಪರೀಕ್ಷೆಯಿಂದ. ಬೇರೇನೂ ಮುಟ್ಟದೆ ಗೋಡೆಯ ಸಾಂದ್ರತೆಯನ್ನು ಮಾತ್ರ 20 ಪಟ್ಟು ಏರಿಸಿದೆ. ನೆಟ್ಟಗೆ ಓಡಿತು! ಅಂದರೆ ತಪ್ಪು ಮೆಶ್‌ದಲ್ಲ, ಟೈಮ್ ಸ್ಟೆಪ್‌ದೂ ಅಲ್ಲ. ಘನ ಮೀಟರ್‌ಗೆ ರಕ್ತ 1060 ಕೆಜಿ, ಗೋಡೆ ಹೆಚ್ಚುಕಡಿಮೆ 1100. ತೂಕ ಇಷ್ಟು ಹತ್ತಿರವಿದ್ದರೆ ರಕ್ತದ ಲೆಕ್ಕ, ಗೋಡೆಯ ಲೆಕ್ಕ ಸ್ಟೆಪ್‌ಗೆ ಒಂದೇ ಸಲ ಕೊಟ್ಟು ತಗೊಂಡರೆ ಸಾಲದು. ಎರಡೂ ಕಡೆ ಒಪ್ಪುವವರೆಗೆ ಸ್ಟೆಪ್ ಒಳಗೇ ಸುತ್ತಬೇಕು.

ರಕ್ತದ ಹರಿವಿನ ಓಪನ್‌ಫೋಮ್, ಗೋಡೆಯ ಕ್ಯಾಲ್ಕ್ಯುಲಿಕ್ಸ್ ಎರಡನ್ನೂ ಹಾಗೇ ಇಟ್ಟು, ಅವನ್ನು ಜೋಡಿಸುವ ಪ್ರಿಸೈಸ್ ತಂತ್ರಾಂಶದಲ್ಲಿ ಇಂಪ್ಲಿಸಿಟ್‌ಗೆ (ಹೀಗೆ ಸ್ಟೆಪ್ ಒಳಗೇ ಸುತ್ತುವ ವಿಧಾನ) ಬದಲಿಸಿದೆ. ಸ್ಥಿರ ರಿಲ್ಯಾಕ್ಸೇಶನ್ 0.1 ಇಟ್ಟಾಗ, ಅಂದರೆ ಪ್ರತಿ ಸುತ್ತಿನ ಬದಲಾವಣೆಯಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ತಗೊಂಡಾಗ, ಸ್ಟೆಪ್‌ಗೆ ನಲವತ್ತು-ಐವತ್ತು ಸುತ್ತು. ಆ ಪಾಲನ್ನು ಸುತ್ತು ಸುತ್ತಿಗೂ ತಾನೇ ಬದಲಿಸುವ ಐಟ್ಕನ್‌ಗೆ ಹದಿನೈದು-ಇಪ್ಪತ್ತು. ಹಿಂದಿನ ಸುತ್ತುಗಳಿಂದ ಕಲಿತು ಮುಂದಿನದನ್ನು ಊಹಿಸುವ ಕ್ವಾಸಿ-ನ್ಯೂಟನ್‌ಗೆ ಆರೇಳು. ಹಿಂದಿನ ಎಷ್ಟು ಸ್ಟೆಪ್‌ಗಳ ನೆನಪು ಇಡಬೇಕು, ಅದರಲ್ಲಿ ಉಪಯೋಗವಿಲ್ಲದ್ದನ್ನು ತೆಗೆಯುವ ಫಿಲ್ಟರ್ ಎಷ್ಟು ಬಿಗಿ ಇರಬೇಕು ಅನ್ನುವ ಎರಡು ಸಂಖ್ಯೆಗೆ ನನಗೆ ಮೂರು ತಿಂಗಳು ಹಿಡಿಯಿತು. ಅವು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮೊದಲು ಈ ಕೆಲಸದವರೆಲ್ಲ ಪರೀಕ್ಷೆಗೆ ಬಳಸುವ 5 ಸೆಂ.ಮೀ. ಮೆತ್ತನೆ ಕೊಳವೆ ಓಡಿಸಿದೆ. ಒಂದು ತುದಿಯಲ್ಲಿ 3 ಮಿಲಿಸೆಕೆಂಡ್ ಒತ್ತಡ. ಹಿಗ್ಗುವ ಕೊಳವೆಯಲ್ಲಿ ಒತ್ತಡದ ಅಲೆ ಎಷ್ಟು ವೇಗ ಅಂತ ಹೇಳುವ ಮೊಯೆನ್ಸ್-ಕೋರ್ಟ್‌ವೆಗ್ ಸೂತ್ರಕ್ಕೆ ಅಲೆಯ ವೇಗ ಸೆಕೆಂಡಿಗೆ 5.5 ಮೀಟರ್ ಬರುತ್ತೆ, ಅಂದರೆ ಇನ್ನೊಂದು ತುದಿ ಮುಟ್ಟಲು 9 ಮಿಲಿಸೆಕೆಂಡ್. ನನಗೆ ಬಂದದ್ದು ಒಂಬತ್ತು-ಹತ್ತು. ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಇದೇ ಅಲೆ ನಮ್ಮ ತೋಟದಲ್ಲೂ ಇದೆ. ಮಾರ್ಚ್‌ನಲ್ಲಿ ಗಿಡ ಹೂ ಬಿಡಲು ಬೇಕಾದ ಹೂ ಮಳೆ ಬಾರದೆ ಸ್ಪ್ರಿಂಕ್ಲರ್ ಹಾಕಿದಾಗ, ಪಂಪ್ ನಿಲ್ಲಿಸಿದ ಕೂಡಲೇ ಪೈಪ್ ಧಡ್ ಅನ್ನುತ್ತೆ, ಅಲ್ವಾ? ಗಟ್ಟಿ ಪೈಪಲ್ಲಿ ಏಟು ಚುರುಕು, ರಬ್ಬರ್ ಪೈಪಲ್ಲಿ ಮೆತ್ತಗೆ, ತಡವಾಗಿ. ಅದನ್ನು ನೋಡಿ ಮೂರು ಮೀಟರ್ ಸಿಲಿಕೋನ್ ಟ್ಯೂಬ್‌ಗೆ ನೀರು ತುಂಬಿಸಿ ಜಗಲಿಯಲ್ಲಿ ಉದ್ದಕ್ಕೆ ಮಲಗಿಸಿದೆ. ಎರಡೂ ತುದಿಗೆ ಒಂದೊಂದು ಹುಲ್ಲುಕಡ್ಡಿ ಆನಿಸಿ, ಒಂದು ಕಡೆ ತಟ್ಟಿ, ಮೊಬೈಲ್‌ನ ಸ್ಲೋ ಮೋಶನ್‌ನಲ್ಲಿ (ಸೆಕೆಂಡಿಗೆ 240 ಫ್ರೇಮ್) ಹಿಡಿದೆ. ಒಂದು ಕಡ್ಡಿ ಅಲುಗಿ ಸುಮಾರು ನಲವತ್ತು ಫ್ರೇಮ್ ಆದ ಮೇಲೆ ಇನ್ನೊಂದು ಅಲುಗಿತು. ಸೆಕೆಂಡಿಗೆ ಹದಿನೆಂಟು ಮೀಟರ್ ಹತ್ತಿರ.

ಮಹಾಪಧಮನಿಯಲ್ಲಿ ಇನ್ನೊಂದು ಏಟು ಕಾದಿತ್ತು. ಸ್ಕ್ಯಾನ್‌ನಲ್ಲಿ ಕಾಣುವ ನಾಳ ಆಗಲೇ ಸುಮಾರು 80 ಎಂಎಂ (ಪಾದರಸದ ಅಳತೆ) ರಕ್ತದೊತ್ತಡ ಹೊತ್ತಿರುತ್ತೆ. ಅದನ್ನು ಲೆಕ್ಕಕ್ಕೆ ಹಿಡಿಯದೆ ಮತ್ತೆ 80 ಹಾಕಿದರೆ ಉಬ್ಬದೆ ಇನ್ನೇನು? ಗೋಡೆಗೆ ಮೊದಲೇ ಬಿಗಿತ ಕೊಟ್ಟ ಮೇಲೆ ಆಕಾರ ನಿಂತಿತು. ಹೊರಬಾಯಿಗಳಿಗೆ ವಿಂಡ್‌ಕೆಸೆಲ್ ಹಾಕಿದೆ, ಅಂದರೆ ಮುಂದಿನ ನಾಳಗಳ ತಡೆ ಮತ್ತು ಹಿಗ್ಗುವಿಕೆಯನ್ನು ಅನುಕರಿಸುವ ಸರಳ ಮಾದರಿ. ಆರು ಬಡಿತಕ್ಕೆ ಐದು ದಿನ ಓಡಿತು. ಕೊನೆಯ ಎರಡು ಬಡಿತದ ಗೆರೆ ಒಂದರ ಮೇಲೊಂದು ಕೂತಿದೆ. ಆಗಲ್ಲ ಅಂದವರೇ ಈಗ ಕಾನ್ಫಿಗ್ ಫೈಲ್ ಕೇಳುತ್ತಿದ್ದಾರೆ.