ಗದ್ದೆಯ ಡೇಟಾ ಕೊಡುವ ಮುನ್ನ ನಾವು ಬರೆದ ಕರಾರು

ಇಳುವರಿ ಅಂದಾಜಿನ ಆ್ಯಪ್ ನಡೆಸುವವರು ಮಂಡ್ಯದ ರೈತ ಉತ್ಪಾದಕ ಕಂಪನಿಗಳಿಂದ ಕೇಳುವುದು ಒಂದು ಎಕ್ಸೆಲ್ ಹಾಳೆ: ಹೆಸರು, ಫೋನು, ಸರ್ವೆ ನಂಬರ್, ಗದ್ದೆಯ ಜಿಪಿಎಸ್, ಕಬ್ಬಿನ ತಳಿ, ನಾಟಿ ದಿನ, ಗೊಬ್ಬರ, ಟನ್ ಲೆಕ್ಕ. ಬದಲಿಗೆ ಉಚಿತ ಸಲಹೆ. ಅಂಥ ಕಂಪನಿಯ ಷೇರುದಾರ ರೈತರ ಪರವಾಗಿ ನಾವು ಮೊದಲು ಕೈಹಾಕಿದ್ದು ಆ ಹಾಳೆಯ ಕಾಲಂಗಳಿಗೇ.

ಹೆಸರು, ಫೋನು ತೆಗೆದರೆ ಗುರುತು ಸಿಗದು ಎನ್ನುತ್ತಾರೆ. ಸಿಗುತ್ತದೆ. ಗದ್ದೆಯ ಜಾಗವನ್ನು ಸರ್ಕಾರದ ನಕ್ಷೆ ಆ್ಯಪ್ ದಿಶಾಂಕ್‌ನಲ್ಲಿ ನೋಡಿದರೆ ಸರ್ವೆ ನಂಬರ್, ಅದನ್ನು ಸರ್ಕಾರದ ಭೂದಾಖಲೆಯ ‘ಭೂಮಿ’ ತಾಣದಲ್ಲಿ ಹಾಕಿದರೆ ಪಹಣಿಯಲ್ಲಿ ಮಾಲೀಕರ ಹೆಸರು. ಹಾಗಾಗಿ ಸರ್ವೆ ನಂಬರ್ ಕಾಲಂ ಪೂರ್ತಿ ಅಳಿಸಿ, ಅಕ್ಷಾಂಶ-ರೇಖಾಂಶವನ್ನು ದಶಮಾಂಶದ ಎರಡೇ ಸ್ಥಾನಕ್ಕೆ ಇಳಿಸಿದೆವು. ನಾಲ್ಕು ಸ್ಥಾನವಿದ್ದರೆ ಸುಮಾರು 11 ಮೀಟರ್‌ವರೆಗೆ ಹಿಡಿಯುತ್ತದೆ, ಒಂದೆಕರೆ ಹೊಲವೂ ಗೊತ್ತಾಗಿಬಿಡುತ್ತದೆ. ಎರಡಿದ್ದರೆ ಸುಮಾರು 1.1 ಕಿ.ಮೀ. ಮಳೆಯ ಲೆಕ್ಕಕ್ಕೆ ಅಷ್ಟು ಸಾಕು. ಊರಲ್ಲಿ ಒಬ್ಬಿಬ್ಬರೇ ಬೆಳೆಯುವ ಬೆಳೆಯಾದರೆ ಇದೂ ಮರೆಮಾಡದು. ಹತ್ತಕ್ಕಿಂತ ಕಡಿಮೆ ರೈತರ ಗುಂಪನ್ನು ಪಕ್ಕದೂರಿನ ಲೆಕ್ಕಕ್ಕೆ ಸೇರಿಸಿಯೇ ಕೊಡುತ್ತೇವೆ. ಉಪಗ್ರಹ ಚಿತ್ರಕ್ಕೆ ಗದ್ದೆಯ ಗಡಿಯೇ ಬೇಕೆಂದರೆ, ಅದಕ್ಕೆಂದೇ ಒಪ್ಪಿದವರದ್ದು ಮಾತ್ರ.

ಸಮ್ಮತಿ ಪತ್ರದಲ್ಲಿ ಮೂರು ಸಹಿ: ಸಲಹೆಗೆ ಒಂದು, ಸಂಶೋಧನೆಗೆ ಒಂದು, ನಮ್ಮ ಡೇಟಾದಿಂದ ಅಂದಾಜು ಕಲಿಯುವ ಎಐ ಮಾದರಿಯ (ಕಂಪ್ಯೂಟರ್ ಪ್ರೋಗ್ರಾಂನ) ತರಬೇತಿಗೆ ಒಂದು. ಒಂದೇ ಸಹಿಯಾದರೆ ತರಬೇತಿಗೆ ಬೇಡವೆಂದವರಿಗೆ ಸಲಹೆಯೂ ತಪ್ಪುತ್ತದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಪ್ರಕಾರ, ಯಾವ ಡೇಟಾ ಯಾತಕ್ಕೆಂದು ತಿಳಿಸುವ ಸೂಚನಾ ಪತ್ರವನ್ನು ಕನ್ನಡದಲ್ಲಿ ಕೇಳಿ ಪಡೆಯಬಹುದು. ಸಮ್ಮತಿ ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಲೂ ಆಗಬೇಕು. ಪಹಣಿ ಒಬ್ಬರ ಹೆಸರಲ್ಲಿದ್ದು ಉಳುವವರು ಬೇರೆಯಾಗಿದ್ದರೆ, ಮನೆಯ ಹೆಂಗಸರಾಗಲಿ, ಬೆಳೆಯ ಪಾಲಿಗೆ ಮಾಡುವವರಾಗಲಿ, ಅವರ ಸಹಿಯೂ ಬೇಕು. ಇದನ್ನು ಬಿಡುವುದು ನಮ್ಮ ಮಟ್ಟಿಗೆ ಅನ್ಯಾಯ.

ಕಾಯ್ದೆ ಕಾಯುವುದು ವೈಯಕ್ತಿಕ ಡೇಟಾವನ್ನು ಮಾತ್ರ. ಊರಿನ ಒಟ್ಟು ಲೆಕ್ಕ ಅದರ ಹೊರಗೆ. ವೈಯಕ್ತಿಕ ಡೇಟಾ ಕೂಡ ಕೇಂದ್ರ ಸರ್ಕಾರ ನಿರ್ಬಂಧಿಸಿದ ದೇಶಗಳನ್ನು ಬಿಟ್ಟು ಬೇರೆಲ್ಲಿಗಾದರೂ ಹೋಗಬಹುದು. ಡೇಟಾದ ಲಾಭ ದೇಶಗಳ ನಡುವೆ ಹೇಗೆ ಹಂಚಿಕೆಯಾಗಬೇಕೆಂಬ ಚರ್ಚೆಯನ್ನು 2024ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಜಾಗತಿಕ ಡಿಜಿಟಲ್ ಒಡಂಬಡಿಕೆ ಒಂದು ಕಾರ್ಯಗುಂಪಿಗೆ ಒಪ್ಪಿಸಿತು. ರೈತರು ಅದಕ್ಕಾಗಿ ಕಾದು ಕೂರುವ ಹಾಗಿಲ್ಲ, ಕರಾರಿನಲ್ಲೇ ಬರೆಸಬೇಕು.

ನಾವು ಬಿಡದೆ ಹಿಡಿದದ್ದು ಮರುಮಾರಾಟದ ಷರತ್ತು. ಯಾವ ಕಡೆ ಎಷ್ಟು ಕಬ್ಬು ಕಟಾವಿಗೆ ಬಂದಿದೆ ಎಂಬುದು ವರ್ತಕರಿಗೆ ಮೊದಲೇ ಗೊತ್ತಾದರೆ ಆಲೆಮನೆಯವರಿಗೆ ಬೆಲ್ಲದ ದರದಲ್ಲಿ ಚೌಕಾಸಿ ಮಾಡುವ ಬಲವೇ ಹೋಗುತ್ತದೆ. ಆದ್ದರಿಂದ ಖರೀದಿದಾರರು, ಸಾಲ ಕೊಡುವವರು, ವಿಮೆಯವರು ಯಾರಿಗೇ ಕೊಡುವುದಿದ್ದರೂ ನಮ್ಮ ಲಿಖಿತ ಒಪ್ಪಿಗೆ ಬೇಕು. ಪ್ರತಿ ಹಂಗಾಮಿನ ಕೊನೆಗೆ ಕಚ್ಚಾ ಡೇಟಾ, ಅದರಿಂದ ತೆಗೆದ ಫಲಿತಾಂಶ ಎರಡೂ ಎಕ್ಸೆಲ್‌ನಲ್ಲಿ ತೆರೆಯಬಹುದಾದ ಸಿಎಸ್‌ವಿ ಕಡತವಾಗಿ ನಮಗೆ ವಾಪಸ್. ವ್ಯಾಜ್ಯ ಬಂದರೆ ಮಂಡ್ಯದ ನ್ಯಾಯಾಲಯ, ಹೊರದೇಶದ ಮಧ್ಯಸ್ಥಿಕೆ ಅಲ್ಲ.

ಕರಾರು ಮುಗಿದ 30 ದಿನದೊಳಗೆ ಬ್ಯಾಕಪ್ ಸಮೇತ ಅಳಿಸಿ ಪತ್ರ ಕೊಡಬೇಕು. ಆದರೆ ಮಾದರಿ ಒಮ್ಮೆ ಕಲಿತದ್ದನ್ನು ಹಾಗೆ ಸುಲಭವಾಗಿ ತೆಗೆಯಲಾಗದು. ಅದಕ್ಕೇ ತರಬೇತಿಯ ಸಹಿಯನ್ನು ಮೊದಲ ಹಂಗಾಮಿನ ಫಲಿತಾಂಶ ಕೈಗೆ ಬಂದ ಮೇಲೆ ಮಾತ್ರ ಕೇಳುತ್ತೇವೆ.