ಪರಭಾಷೆಯ ವಾರ್ಡಿನಲ್ಲಿ ಮನೋರೋಗ ಮತ್ತು ನರರೋಗ: ಮುಂಬೈ, ಪುಣೆ, ಗೋವಾಗಳಿಗೆ ಬರುವ ಕನ್ನಡಿಗ ನರ್ಸ್‌ಗಳಿಗೆ ಮಾರ್ಗದರ್ಶಿ

ಕರ್ನಾಟಕದಲ್ಲಿ ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಮುಗಿಸಿ ಮುಂಬೈ, ಪುಣೆ ಇಲ್ಲವೇ ಗೋವಾದ ಆಸ್ಪತ್ರೆ ಸೇರುವವರಿಗೆ ಇಂಜೆಕ್ಷನ್, ಡ್ರೆಸ್ಸಿಂಗ್, ಸಲೈನ್ ಯಾವುದೂ ಹೊಸದಲ್ಲ. ರೋಗಿ ಒಂದು ಭಾಷೆಯಲ್ಲಿ, ವಾರ್ಡು ಇನ್ನೊಂದರಲ್ಲಿ, ಕೇಸ್ ಪೇಪರ್ ಮತ್ತೊಂದರಲ್ಲಿ ಮಾತಾಡುವ ಪರಿಸ್ಥಿತಿ ಮಾತ್ರ ಹೊಸದು. ಯಾದಗಿರಿಯಿಂದ ಕಟ್ಟಡದ ಕೆಲಸಕ್ಕೆ ಬಂದವರಿಗೆ ಕನ್ನಡ ಮಾತ್ರ ಬರುತ್ತದೆ. ರೆಸಿಡೆಂಟ್ ಡಾಕ್ಟರ್ ಹಿಂದಿಯಲ್ಲಿ ವಿಚಾರಿಸುತ್ತಾರೆ. ವಾರ್ಡಿನ ಆಯಾ, ಇಲ್ಲಿನವರು ಕರೆಯುವ ಮಾವಶಿ, ಮರಾಠಿಯಲ್ಲಿ ಗದರುತ್ತಾಳೆ. ದಾಖಲೆ ಇಂಗ್ಲಿಷಿನಲ್ಲಿ ಉಳಿಯುತ್ತದೆ. ಮುರಿದ ಮೂಳೆಯನ್ನು ಎಕ್ಸ್‌ರೇ ಯಾವ ಭಾಷೆಯ ಹಂಗಿಲ್ಲದೆ ತೋರಿಸುತ್ತದೆ. ಆದರೆ ಮನಸ್ಸಿನ ಮತ್ತು ಮೆದುಳಿನ ಕಾಯಿಲೆಗಳು ಎಷ್ಟೋ ಸಲ ಮೊದಲು ತೋರುವುದು ಮಾತಿನಲ್ಲಿ, ಗಮನದಲ್ಲಿ, ನಡವಳಿಕೆಯಲ್ಲಿ. ಅಲ್ಲಿ ಭಾಷೆ ತಪ್ಪಿದರೆ ರೋಗನಿರ್ಣಯವೂ ತಪ್ಪಬಹುದು. ರೋಗಿಯ ಮಾತು ತಿಳಿದ ನರ್ಸ್ ವಾರ್ಡಿನಲ್ಲಿ ಒಬ್ಬರೇ ಇದ್ದರೆ, ಅವರು ಬರೆಯುವ ನಾಲ್ಕು ಸಾಲಿನ ಮೇಲೆ ಆ ರೋಗಿ ನರರೋಗ ವಿಭಾಗಕ್ಕೆ ಹೋಗುವರೋ ಮನೋರೋಗ ವಿಭಾಗಕ್ಕೆ ಹೋಗುವರೋ ಎಂಬುದು ನಿಂತಿರುತ್ತದೆ.

ಕಾಗದಪತ್ರದ ವಿಷಯವನ್ನು ಮೊದಲೇ ಮುಗಿಸಿಬಿಡಬಹುದು. ಕರ್ನಾಟಕದ ಶುಶ್ರೂಷಾ ಪರಿಷತ್ತಿನ ನೋಂದಣಿ ಒಂದರ ಬಲದಲ್ಲೇ ಇಲ್ಲಿ ಕೆಲಸ ಮಾಡಲಾಗದು. ಅಲ್ಲಿಂದ ನಿರಾಕ್ಷೇಪಣಾ ಪತ್ರ ಪಡೆದು ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಲ್ಲಿ, ಗೋವಾ ಆದರೆ ಅಲ್ಲಿನ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ದಾಖಲಿಸಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮನೋರೋಗ ಶುಶ್ರೂಷೆಯ ವಿಶೇಷ ಪದವಿ ಇದ್ದವರನ್ನಷ್ಟೇ ಅಲ್ಲದೆ, ಸಾಮಾನ್ಯ ನರ್ಸಿಂಗ್ ಡಿಪ್ಲೊಮಾ ಪಡೆದು ರಾಜ್ಯದ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡವರನ್ನೂ ಮಾನಸಿಕ ಆರೋಗ್ಯ ನರ್ಸ್ ಎಂದು ಪರಿಗಣಿಸುತ್ತದೆ. ಹಾಗಾಗಿ ಮೆಡಿಸಿನ್ ಅಥವಾ ಆರ್ಥೋ ವಾರ್ಡಿನಲ್ಲಿರುವವರು ಈ ವಿಷಯ ತಮ್ಮದಲ್ಲ ಎಂದು ಕೈತೊಳೆದುಕೊಳ್ಳುವಂತಿಲ್ಲ.

ತುರ್ತು ವಿಭಾಗದ ಕಾಗದದಲ್ಲಿ ‘ಗೊಂದಲಗೊಂಡಿದ್ದಾನೆ’ ಎಂಬ ಅರ್ಥದ ಒಂದೇ ಪದವನ್ನು ಬರೆದುಬಿಡುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಅಪಾಯಕಾರಿ ಕೂಡ. ಪ್ರಜ್ಞೆಯ ಮಟ್ಟ ಅಳೆಯುವ ಗ್ಲಾಸ್ಗೋ ಕೋಮಾ ಸ್ಕೇಲಿನಲ್ಲಿ ಮಾತಿಗೆ ಇರುವ 5 ಅಂಕಗಳಲ್ಲಿ ಗೊಂದಲದ ಉತ್ತರಕ್ಕೆ 4, ಸಂಬಂಧವಿಲ್ಲದ ಪದಗಳಿಗೆ 3 ಸಿಗುತ್ತವೆ. ಹಿಂದಿ ಬಾರದವರನ್ನು ಹಿಂದಿಯಲ್ಲಿ ಕೇಳಿ ಅಂಕ ಕೊಟ್ಟರೆ, ತಲೆಗೆ ಏಟೇ ಬೀಳದವರಿಗೂ ಅಂಕ ಕಡಿಮೆಯಾಗುತ್ತದೆ. ಇದರ ತದ್ವಿರುದ್ಧವೂ ನಡೆಯುತ್ತದೆ. ‘ಭಾಷೆ ಬರುವುದಿಲ್ಲ, ಅದಕ್ಕೇ ಸುಮ್ಮನಿದ್ದಾರೆ’ ಎಂದು ಎಲ್ಲರೂ ಅಂದುಕೊಂಡಿರುವಾಗ ನಿಜವಾಗಿ ಪ್ರಜ್ಞೆ ಕುಗ್ಗುತ್ತಿರಬಹುದು. ಹಾಗಾಗಿ ಅಂಕದ ಪಕ್ಕದಲ್ಲಿ ಯಾವ ಭಾಷೆಯಲ್ಲಿ ಪರೀಕ್ಷಿಸಲಾಯಿತು ಎಂಬುದನ್ನು ಬರೆಯುವ ರೂಢಿ ಇಟ್ಟುಕೊಳ್ಳಬೇಕು. ‘ಯಜ್ಜಾ, ನಿಮ್ಮೂರ ಯಾವುದ್ರಿ? ಇವತ್ತ ಯಾವ ವಾರ ಐತ್ರಿ?’ ಎಂದು ಅವರದೇ ಧಾಟಿಯಲ್ಲಿ ಕೇಳಿದಾಗ ಬರುವ ಉತ್ತರವೇ ಲೆಕ್ಕಕ್ಕೆ ಬರುವುದು. ಶಾಲೆಗೆ ಹೋಗದವರಿಗೆ ಇಂಗ್ಲಿಷ್ ತಿಂಗಳ ತಾರೀಖು ಗೊತ್ತಿಲ್ಲದಿದ್ದರೆ ಅದು ರೋಗವಲ್ಲ. ಅಮಾವಾಸ್ಯೆ ಕಳೆಯಿತೇ, ಈಗ ಮಳೆಗಾಲವೋ ಚಳಿಗಾಲವೋ, ಊರಿನ ಸಂತೆ ಯಾವ ದಿನ ಎಂದು ಕೇಳಬಹುದು. ನೆನಪು ಮತ್ತು ಬುದ್ಧಿಶಕ್ತಿಯ ವಿವರವಾದ ಪರೀಕ್ಷೆ ಬೇಕಾದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿದ ಪರೀಕ್ಷಾಮಾಲೆಯ ಕನ್ನಡ ರೂಪವಿದೆಯೆಂದು ವೈದ್ಯರಿಗೆ ನೆನಪಿಸಬಹುದು.

ದುಭಾಷಿಯಾಗುವಾಗ ಒಂದು ಎಚ್ಚರ ಬೇಕು. ಜೊತೆಗೆ ಬಂದ ಅಣ್ಣನೋ ಮೇಸ್ತ್ರಿಯೋ ರೋಗಿಯ ತಲೆಬುಡವಿಲ್ಲದ ಮಾತನ್ನು ತಾವೇ ಜೋಡಿಸಿ, ಅರ್ಥ ಬರುವ ವಾಕ್ಯವನ್ನಾಗಿ ಮಾಡಿ ಡಾಕ್ಟರಿಗೆ ಹೇಳಿಬಿಡುತ್ತಾರೆ. ಪಾಪ, ಅವರ ಉದ್ದೇಶ ಒಳ್ಳೆಯದೇ; ಆದರೆ ಯಾವ ಲಕ್ಷಣದಿಂದ ರೋಗ ಗೊತ್ತಾಗಬೇಕಿತ್ತೋ ಅದೇ ಅಳಿಸಿಹೋಗುತ್ತದೆ. ನರ್ಸ್ ಆದವರು ರೋಗಿ ಆಡಿದ್ದನ್ನು ಆಡಿದ ಹಾಗೆಯೇ, ತಪ್ಪು ಪದಗಳ ಸಮೇತ ಹೇಳಬೇಕು.

ಇದು ಅತ್ಯಂತ ಮುಖ್ಯವಾಗುವುದು ಪಾರ್ಶ್ವವಾಯುವಿನಲ್ಲಿ. ಮೆದುಳಿನ ಎಡಭಾಗದ ಹಿಂದಿನ ಭಾಷಾಕೇಂದ್ರಕ್ಕೆ ರಕ್ತ ಹರಿಯುವುದು ನಿಂತಾಗ ಕೈಕಾಲು ಬೀಳದೆಯೇ ಮಾತು ಮಾತ್ರ ಕೆಡಬಹುದು. ಆಗ ರೋಗಿ ಸರಾಗವಾಗಿ, ಸರಿಯಾದ ಏರಿಳಿತದಲ್ಲಿ ಮಾತಾಡುತ್ತಾರೆ, ಆದರೆ ಪದಗಳಿಗೆ ಅರ್ಥವಿರುವುದಿಲ್ಲ, ನಾವು ಹೇಳಿದ್ದೂ ಅವರಿಗೆ ತಿಳಿಯುವುದಿಲ್ಲ. ಕನ್ನಡ ಬಲ್ಲವರಿಗೆ ಇದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಉಳಿದವರಿಗೆ ಅದು ಯಾವುದೋ ಪರಭಾಷೆಯಂತೆಯೋ ಹುಚ್ಚಿನ ಬಡಬಡಿಕೆಯಂತೆಯೋ ಕೇಳುತ್ತದೆ. ಪೆನ್ನು, ಗಡಿಯಾರ, ಚಮಚ ತೋರಿಸಿ ಹೆಸರು ಕೇಳಿ. ‘ಕಣ್ಣು ಮುಚ್ಚಿ, ಕೈ ಎತ್ತಿ’ ಎಂದು ಸನ್ನೆ ಮಾಡದೆ ಬರೀ ಬಾಯಲ್ಲಿ ಹೇಳಿ. ಹೇಳಿದ ಸಣ್ಣ ವಾಕ್ಯವನ್ನು ಹಾಗೆಯೇ ಮರಳಿ ಹೇಳಲು ಹೇಳಿ. ಮನೋರೋಗಿಗಳಲ್ಲಿ ವಿಚಾರ ಕೆಟ್ಟಿದ್ದರೂ ವಸ್ತುವಿನ ಹೆಸರು ಸಾಮಾನ್ಯವಾಗಿ ತಪ್ಪುವುದಿಲ್ಲ. ಮಾತು ಹಠಾತ್ತನೆ ಕೆಟ್ಟಿದ್ದರೆ ಮೊದಲು ರಕ್ತದ ಸಕ್ಕರೆ ನೋಡಿ ಒಡನೆಯೇ ಸಿಟಿ ಸ್ಕ್ಯಾನ್‌ಗೆ ತಿಳಿಸಬೇಕು, ಏಕೆಂದರೆ ಹೆಪ್ಪು ಕರಗಿಸುವ ಔಷಧಕ್ಕೆ ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ. ಆ ಗಂಟೆಗಳನ್ನು ಎಣಿಸುವುದು ಬಿದ್ದದ್ದು ಕಂಡ ಹೊತ್ತಿನಿಂದಲ್ಲ, ಕೊನೆಯ ಬಾರಿ ಚೆನ್ನಾಗಿದ್ದುದನ್ನು ಯಾರಾದರೂ ನೋಡಿದ ಹೊತ್ತಿನಿಂದ. ಹೋಟೆಲಿನ ಮಾಳಿಗೆಯಲ್ಲಿ ಹತ್ತು ಜನರೊಡನೆ ಮಲಗುವ ಅಡುಗೆಭಟ್ಟರ ವಿಷಯದಲ್ಲಿ ಆ ಸಮಯವನ್ನು ಹೇಳಬಲ್ಲವರು ಪಕ್ಕದ ಹಾಸಿಗೆಯವರೇ. ಅವರು ಕೆಲಸಕ್ಕೆ ಮರಳಿ ಹೋಗುವ ಮುನ್ನ ಕನ್ನಡದಲ್ಲೋ ತುಳುವಿನಲ್ಲೋ ಕೇಳಿ ಬರೆದುಕೊಳ್ಳಬೇಕು.

ಡೆಲಿರಿಯಂ (ಹಠಾತ್ ಗೊಂದಲ), ಡಿಮೆನ್ಷಿಯಾ (ಮರೆಗುಳಿತನ), ಖಿನ್ನತೆ ಈ ಮೂರನ್ನೂ ಒಂದೇ ಎಂದು ತಿಳಿಯುವುದು ಎಲ್ಲ ಊರಿನ ವಾರ್ಡುಗಳ ರೋಗ. ಮಗನ ಮನೆಗೆಂದು ಡೊಂಬಿವಲಿಗೋ ಪಿಂಪ್ರಿಗೋ ಬಂದ ಅಜ್ಜಿ ಸೊಂಟ ಮುರಿದುಕೊಂಡು ಶಸ್ತ್ರಚಿಕಿತ್ಸೆಯಾದ ಎರಡನೆಯ ರಾತ್ರಿ ಸಲೈನ್ ಕಿತ್ತುಹಾಕಿದರೆ ‘ವಯಸ್ಸಾಯಿತಲ್ಲ, ಅರಳು-ಮರಳು’ ಎಂದು ಮನೆಯವರೇ ಹೇಳುತ್ತಾರೆ. ಒಪ್ಪಬಾರದು. ಮರೆಗುಳಿತನ ತಿಂಗಳು, ವರ್ಷಗಳಲ್ಲಿ ಬೆಳೆಯುತ್ತದೆ. ಡೆಲಿರಿಯಂ ಗಂಟೆಗಳಲ್ಲಿ, ದಿನಗಳಲ್ಲಿ ಬಂದು, ಬೆಳಿಗ್ಗೆ ಸರಿ ಹೋದಂತೆ ತೋರಿ, ಸಂಜೆಗೆ ಮತ್ತೆ ಕೆರಳುತ್ತದೆ. ಇದನ್ನು ಗುರುತಿಸುವ ಜಗತ್ಪ್ರಸಿದ್ಧ ಕ್ರಮದಲ್ಲಿ ನಾಲ್ಕು ಅಂಶಗಳಿವೆ. ಹಠಾತ್ತಾಗಿ ಆರಂಭವಾಗಿ ಏರಿಳಿಯುವುದು ಮತ್ತು ಗಮನ ನಿಲ್ಲದಿರುವುದು, ಇವೆರಡೂ ಇರಲೇಬೇಕು. ಇವುಗಳ ಜೊತೆಗೆ ವಿಚಾರದ ಅಸ್ತವ್ಯಸ್ತತೆ ಅಥವಾ ಪ್ರಜ್ಞೆಯ ಮಟ್ಟದ ಬದಲಾವಣೆ, ಎರಡರಲ್ಲೊಂದು ಇರಬೇಕು. ಗಮನವನ್ನು ಅಳೆಯಲು ಯಂತ್ರ ಬೇಡ. ಶನಿವಾರದಿಂದ ಹಿಂದಕ್ಕೆ ವಾರಗಳ ಹೆಸರು ಹೇಳಿಸಿದರೆ ಸಾಕು. ಕೂಗಾಡುವವರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಮಂಕಾಗಿ, ಊಟ ಬೇಡವೆಂದು ಗೋಡೆಗೆ ಮುಖ ಮಾಡಿ ಮಲಗಿದವರೂ ಡೆಲಿರಿಯಂನಲ್ಲಿರಬಹುದು. ಅವರನ್ನು ಖಿನ್ನತೆ ಎಂದು ಬರೆದರೆ ಮೂತ್ರದ ಸೋಂಕು, ಸೋಡಿಯಂ ಇಳಿತ, ಕಟ್ಟಿಕೊಂಡ ಮೂತ್ರ, ಹೊಸ ನಿದ್ದೆಮಾತ್ರೆ ಮುಂತಾದ ನಿಜ ಕಾರಣಗಳನ್ನು ಯಾರೂ ಹುಡುಕುವುದಿಲ್ಲ. ಕನ್ನಡಕ, ಶ್ರವಣಯಂತ್ರ ಮತ್ತು ತಿಳಿಯುವ ಭಾಷೆಯಲ್ಲಿ ಮಾತಾಡುವ ಒಬ್ಬರು, ಈ ಮೂರು ಅನೇಕ ಔಷಧಗಳಿಗಿಂತ ಹೆಚ್ಚು ಉಪಕಾರಿ.

ಮದ್ಯದ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಕಾಲು ಮುರಿದೋ ಜ್ವರದಿಂದಲೋ ಸೇರಿದ, ದಿನನಿತ್ಯ ಕುಡಿಯುವ ರೋಗಿಗೆ ಆಸ್ಪತ್ರೆಯಲ್ಲಿ ಮದ್ಯ ಸಿಗುವುದಿಲ್ಲ. ಮೊದಲ 6ರಿಂದ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು. 48ರಿಂದ 96 ಗಂಟೆಗಳ ನಡುವೆ ಕೈನಡುಕ, ಬೆವರು, ಜ್ವರ, ಇಲ್ಲದ ಹುಳುಹುಪ್ಪಟೆ ಕಾಣುವುದು, ದಿಕ್ಕು ತಪ್ಪುವುದು ಶುರುವಾಗಬಹುದು. ಆ ಹೊತ್ತಿಗೆ ಅವರನ್ನು ಸೇರಿಸಿಕೊಂಡ ಡಾಕ್ಟರ್ ಬದಲಾಗಿರುತ್ತಾರೆ, ರಾತ್ರಿಯ ಪಾಳಿಗೆ ರೋಗಿ ‘ಮೆಂಟಲ್ ಕೇಸ್’ ಆಗಿರುತ್ತಾರೆ. ‘ಕುಡೀತೀರಾ?’ ಎಂದು ಮನೆಯವರೆದುರು ಕೇಳಿದರೆ ಇಲ್ಲವೆಂದೇ ಉತ್ತರ ಬರುತ್ತದೆ. ‘ಕೆಲಸ ಮುಗಿದ ಮೇಲೆ ದಿನಾ ಎಷ್ಟು ತಗೋತೀರ್ರಿ, ಕೊನೇ ಸಲ ಯಾವಾಗ?’ ಎಂದು ಒಂಟಿಯಾಗಿ, ಬೈಯುವ ಧ್ವನಿಯಿಲ್ಲದೆ ಕೇಳಿ, ಸಮಯವನ್ನು ಬರೆಯಬೇಕು. ಇಂಥವರಿಗೆ ಗ್ಲೂಕೋಸ್ ಏರಿಸುವ ಮೊದಲು ಥಯಾಮಿನ್ (ವಿಟಮಿನ್ ಬಿ1) ಬರೆದಿದ್ದಾರೆಯೇ ಎಂದು ನೋಡುವುದೂ ನರ್ಸಿನ ಕೆಲಸ. ಗೊಂದಲ, ಕಣ್ಣಾಲಿಯ ಚಲನೆಯ ದೋಷ, ತೂರಾಡುವ ನಡಿಗೆ ಕಂಡರೆ, ಥಯಾಮಿನ್ ಕೊರತೆಯಿಂದ ಮೆದುಳಿಗೆ ಬರುವ ವರ್ನಿಕೆ ಕಾಯಿಲೆಯ ಶಂಕೆ ಬರಬೇಕು. ಈ ಮೂರೂ ಒಟ್ಟಿಗೆ ಕಾಣಲೇಬೇಕೆಂದಿಲ್ಲ.

ಮನೋರೋಗದ ವೇಷದಲ್ಲಿ ಬರುವ ದೇಹದ ಕಾಯಿಲೆಗಳು ಇನ್ನೂ ಇವೆ. ಮಳೆಗಾಲದ ಮುಂಬೈ, ಗೋವಾಗಳಲ್ಲಿ ಜ್ವರದೊಡನೆ ನಡವಳಿಕೆ ಬದಲಾದರೆ ಮಲೇರಿಯಾ ಮೆದುಳಿಗೇರಿರುವ ಸಾಧ್ಯತೆಯಿದೆ. ವಾರಗಟ್ಟಲೆ ತಲೆನೋವು, ಸಣ್ಣ ಜ್ವರ, ಮಂಕುತನವಿದ್ದರೆ ಕ್ಷಯದ ಮೆದುಳುಪೊರೆ ಉರಿಯೂತವಿರಬಹುದು. ಬಾಣಂತಿಗೆ ತೀವ್ರ ತಲೆನೋವು, ಫಿಟ್ಸ್ ಬಂದರೆ ಮೆದುಳಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟಿರಬಹುದು. ಅದೇ ಬಾಣಂತಿ ಹೆರಿಗೆಯ ಮೊದಲ ಎರಡು ವಾರಗಳಲ್ಲಿ ನಿದ್ದೆಗೆಟ್ಟು, ಮಗುವಿನ ಬಗ್ಗೆ ವಿಚಿತ್ರವಾಗಿ ಮಾತಾಡಿದರೆ ಅದು ಪ್ರಸವಾನಂತರದ ಸೈಕೋಸಿಸ್, ತಾಯಿ ಮಗು ಇಬ್ಬರಿಗೂ ತುರ್ತು ಸ್ಥಿತಿ. ಎರಡು ಸಂದರ್ಭದಲ್ಲೂ ‘ಗಾಳಿ ಸೋಕಿದೆ’ ಎಂದು ಊರಿಗೆ ಕರೆದೊಯ್ಯಲು ಮನೆಯವರು ಹೊರಟಿರುತ್ತಾರೆ. ಅವರ ನಂಬಿಕೆಯನ್ನು ಹೀಗಳೆಯದೆ, ದೇವರ ಕೆಲಸ ಆಮೇಲೂ ಮಾಡಿಸಬಹುದು, ಸ್ಕ್ಯಾನ್ ಮಾತ್ರ ಈಗಲೇ ಆಗಬೇಕೆಂದು ಹೇಳುವುದು ಫಲ ಕೊಡುತ್ತದೆ. ನಲವತ್ತು ದಾಟಿದ ಮೇಲೆ ಮೊದಲ ಬಾರಿಗೆ ಕಾಣಿಸಿಕೊಂಡ ಹುಚ್ಚಾಟ, ಕಿವಿಗಿಂತ ಕಣ್ಣಿಗೆ ಹೆಚ್ಚು ತೋರುವ ಭ್ರಮೆ, ಜ್ವರ, ಏರುಪೇರಾಗುವ ಪ್ರಜ್ಞೆ ಇವುಗಳಲ್ಲಿ ಯಾವುದಿದ್ದರೂ ಮೊದಲು ದೇಹವನ್ನೇ ಶಂಕಿಸಬೇಕು.

ತಿರುಗುಮುರುಗಾಗಿ, ದೇಹದ ದೂರಿನೊಳಗೆ ಅಡಗಿ ಬರುವುದು ಖಿನ್ನತೆ. ನಮ್ಮ ಜನ ‘ಬೇಜಾರಾಗಿದೆ’ ಎಂದು ಆಸ್ಪತ್ರೆಗೆ ಬರುವುದಿಲ್ಲ; ಎದೆ ಹಿಡಿದಂತಾಗುತ್ತದೆ, ತಲೆ ಜುಮ್ಮೆನ್ನುತ್ತದೆ, ನಿದ್ದೆಯಿಲ್ಲ, ಕೈಕಾಲು ಸೋತಿವೆ ಎಂದು ಬರುತ್ತಾರೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಆಗ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುವುದಿಲ್ಲ. ಆದರೆ ಈ ಪ್ರಶ್ನೆಗೆ ಸಂಬಂಧಿಕರನ್ನೋ ಸಹೋದ್ಯೋಗಿಗಳನ್ನೋ ದುಭಾಷಿ ಮಾಡಬಾರದು. ವಿಷ ಕುಡಿದು ಬಂದವರ ಮನೆಯವರು ಪೊಲೀಸರಿಗೆ ಹೆದರಿ ‘ತಪ್ಪಿ ಕುಡಿದರು’ ಎನ್ನುತ್ತಾರೆ. 2017ರ ಕಾಯ್ದೆಯ 115ನೇ ಸೆಕ್ಷನ್ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸುತ್ತದೆ, ಅವರಿಗೆ ಆರೈಕೆ ಕೊಡುವ ಹೊಣೆಯನ್ನು ಸರ್ಕಾರಕ್ಕೆ ವಹಿಸುತ್ತದೆ ಎಂಬುದನ್ನು ಅವರಿಗೆ ತಿಳಿಸಬೇಕು. ಆಸ್ಪತ್ರೆ ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ವೈದ್ಯಕೀಯ-ಕಾನೂನು ಪ್ರಕರಣ) ದಾಖಲಿಸುವುದು ಬೇರೆ, ಶಿಕ್ಷೆ ಬೇರೆ.

ಫಿಟ್ಸ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಮಗ್ಗುಲಿಗೆ ತಿರುಗಿಸಿ, ಬಾಯಿಗೆ ಏನನ್ನೂ ತುರುಕಬೇಡಿ, ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ತುರ್ತು. ಕಣ್ಣು ತೆರೆದಿತ್ತೇ ಮುಚ್ಚಿತ್ತೇ, ಯಾವ ಕೈಯಿಂದ ಶುರುವಾಯಿತು, ನಾಲಿಗೆಯ ಬದಿ ಕಚ್ಚಿದೆಯೇ ಎಂದು ಬರೆಯಿರಿ. ಕಣ್ಣು ಬಿಗಿಯಾಗಿ ಮುಚ್ಚಿ ತಲೆ ಅತ್ತಿತ್ತ ಆಡಿಸುವ, ಬಹಳ ಹೊತ್ತು ನಡೆಯುವ ಸೆಳೆತ ಮಾನಸಿಕ ಮೂಲದ್ದಿರಬಹುದು. ಹಾಗೆಂದು ಅದನ್ನು ನಾಟಕವೆಂದು ಬರೆಯುವಂತಿಲ್ಲ.

ಮನೋರೋಗದ ಔಷಧಗಳೇ ನರರೋಗದಂತೆ ತೋರುವುದೂ ಉಂಟು. ಹ್ಯಾಲೊಪೆರಿಡಾಲ್ ಕೊಟ್ಟ ಕೆಲ ಗಂಟೆಗಳಲ್ಲಿ ಕತ್ತು ತಿರುಚಿ ಕಣ್ಣು ಮೇಲೇರಿದರೆ ಅದು ಡಿಸ್ಟೋನಿಯಾ, ಔಷಧದಿಂದಾದ ಸ್ನಾಯುಗಳ ಬಿಗಿತ. ಜ್ವರ, ಮೈಬಿಗಿತ, ಗೊಂದಲ, ಏರುಪೇರಾಗುವ ರಕ್ತದೊತ್ತಡ ಒಟ್ಟಿಗೆ ಬಂದರೆ ಮುಂದಿನ ಡೋಸ್ ಕೊಡದೆ ತಡೆದಿಟ್ಟು ಡಾಕ್ಟರನ್ನು ಆಗಲೇ ಕರೆಯಬೇಕು. ಲಿಥಿಯಂ ಸೇವಿಸುವವರು ಬಿಸಿಲಿನ ಕೆಲಸದಲ್ಲಿ ಬೆವರಿ, ವಾಂತಿಭೇದಿಯಾಗಿ ಬಂದಾಗ ಒರಟು ನಡುಕ, ತೊದಲು ಕಂಡರೆ ರಕ್ತದಲ್ಲಿ ಅದರ ಮಟ್ಟ ನೋಡಬೇಕು.

ಇನ್ನು ಇಲ್ಲಿನ ವ್ಯವಸ್ಥೆ. ಮಹಾರಾಷ್ಟ್ರದಲ್ಲಿ ಸರ್ಕಾರದ ನಾಲ್ಕು ಪ್ರಾದೇಶಿಕ ಮನೋರೋಗ ಆಸ್ಪತ್ರೆಗಳಿವೆ: ಠಾಣೆ, ಪುಣೆಯ ಯೆರವಾಡ, ನಾಗಪುರ ಮತ್ತು ರತ್ನಾಗಿರಿ. ಗೋವಾದಲ್ಲಿ ಬಾಂಬೋಳಿಯ ಮನೋರೋಗ ಮತ್ತು ಮಾನವ ವರ್ತನೆ ಸಂಸ್ಥೆಯೂ ಗೋವಾ ಮೆಡಿಕಲ್ ಕಾಲೇಜೂ ಒಂದೇ ಊರಲ್ಲಿವೆ. ದೇಹದ ಕಾರಣ ಇನ್ನೂ ತೀರ್ಮಾನವಾಗದವರನ್ನು ನೇರವಾಗಿ ಠಾಣೆಗೋ ಯೆರವಾಡಕ್ಕೋ ಕಳುಹಿಸುವುದು ಸರಿಯಲ್ಲ. ಮುಂಬೈನ ಕೆಇಎಂ, ಸಯನ್, ನಾಯರ್, ಜೆಜೆ ಮತ್ತು ಪುಣೆಯ ಸಸೂನ್‌ನಂಥ ಬೋಧನಾ ಆಸ್ಪತ್ರೆಗಳಲ್ಲಿ ಮೆಡಿಸಿನ್ ಮತ್ತು ಮನೋರೋಗ ವಿಭಾಗಗಳೆರಡೂ ಒಂದೇ ಕಡೆ ಇವೆ. ತುರ್ತಿನಲ್ಲಿ 2017ರ ಕಾಯ್ದೆಯ 94ನೇ ಸೆಕ್ಷನ್ ಅಡಿ ಯಾವುದೇ ನೋಂದಾಯಿತ ವೈದ್ಯರು ಗರಿಷ್ಠ 72 ಗಂಟೆ ಚಿಕಿತ್ಸೆ ಕೊಡಬಹುದು, ರೋಗಿ ನೇಮಿಸಿದ ಪ್ರತಿನಿಧಿ ಸಿಕ್ಕಿದರೆ ಅವರ ಒಪ್ಪಿಗೆ ಪಡೆಯಬೇಕು. ಈ ಅವಧಿಯಲ್ಲಿ ಇಸಿಟಿ (ವಿದ್ಯುತ್ ಕಂಪನ ಚಿಕಿತ್ಸೆ) ಕೊಡುವಂತಿಲ್ಲ. ಪ್ರತಿನಿಧಿಯ ಅರ್ಜಿಯ ಮೇಲೆ ಆಗುವ 89ನೇ ಸೆಕ್ಷನ್‌ನ ದಾಖಲಾತಿ 30 ದಿನಗಳವರೆಗೆ. ಕೈಕಾಲು ಕಟ್ಟುವ ವಿಷಯದಲ್ಲಿ 97ನೇ ಸೆಕ್ಷನ್ ಕಟ್ಟುನಿಟ್ಟಾಗಿದೆ: ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರ ಅನುಮತಿಯಿಂದ, ಕಾರಣ ಮತ್ತು ಅವಧಿ ಬರೆದು, 24 ಗಂಟೆಯೊಳಗೆ ಪ್ರತಿನಿಧಿಗೆ ತಿಳಿಸಿ ಮಾತ್ರ, ಸಿಬ್ಬಂದಿ ಕಡಿಮೆ ಎಂಬುದು ಕಾರಣವಾಗದು. ರಾತ್ರಿ ನಲವತ್ತು ರೋಗಿಗಳಿಗೆ ಇಬ್ಬರು ನರ್ಸ್‌ಗಳಿರುವ ವಾರ್ಡಿನಲ್ಲಿ ಇದನ್ನು ಪಾಲಿಸುವುದು ಕಷ್ಟವೆಂಬುದು ಕಾನೂನು ಬರೆದವರಿಗೂ ಗೊತ್ತಿದ್ದಿರಬೇಕು, ಅದಕ್ಕೇ ಅದನ್ನು ಬಿಡಿಸಿ ಬರೆದಿದ್ದಾರೆ.

ಹಣದ ವಿಷಯದಲ್ಲಿ, ಮಹಾತ್ಮ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆ ಮಹಾರಾಷ್ಟ್ರದ ನಿವಾಸಿಗಳಿಗೆ, ಗೋವಾದ ದೀನದಯಾಳ ಸ್ವಾಸ್ಥ್ಯ ಸೇವಾ ಯೋಜನೆ ಅಲ್ಲಿ ಐದು ವರ್ಷ ನೆಲೆಸಿದವರಿಗೆ. ಊರಿನ ರೇಷನ್ ಕಾರ್ಡು ಹಿಡಿದು ಬಂದವರ ಬಳಿ ಆಯುಷ್ಮಾನ್ ಕಾರ್ಡಿದೆಯೇ ಎಂದು ವಿಚಾರಿಸಬೇಕು, ಏಕೆಂದರೆ ಆ ಕಾರ್ಡಿನಿಂದ ಸಿಗುವ ಕೇಂದ್ರದ ಆರೋಗ್ಯ ವಿಮೆಯ (ಪಿಎಂಜೆಎವೈ) ಸೌಲಭ್ಯ ರಾಜ್ಯದ ಗಡಿ ದಾಟಿಯೂ ಸಿಗುತ್ತದೆ.

ಬಿಡುಗಡೆಯಾದವರಲ್ಲಿ ಹೆಚ್ಚಿನವರು ರೈಲು ಹತ್ತಿ ಊರಿಗೆ ಹೋಗುತ್ತಾರೆ, ಮಾತ್ರೆ ಮುಗಿದೊಡನೆ ಚಿಕಿತ್ಸೆಯೂ ಮುಗಿಯುತ್ತದೆ. ಡಿಸ್ಚಾರ್ಜ್ ಕಾಗದದಲ್ಲಿ ಬ್ರಾಂಡಿನ ಹೆಸರಿನ ಜೊತೆಗೆ ಔಷಧದ ಮೂಲ ಹೆಸರು, ಮಿಲಿಗ್ರಾಂ, ಕೊನೆಯ ಡೋಸ್ ಕೊಟ್ಟ ದಿನ ಇರುವಂತೆ ನೋಡಿಕೊಂಡು, ಸೇವಿಸುವ ಕ್ರಮವನ್ನು ಕನ್ನಡದಲ್ಲಿ ಬರೆದುಕೊಡಬೇಕು. ಉತ್ತರ ಕರ್ನಾಟಕದವರಾದರೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿ ಮಾತಾಡಬಹುದು. ಆ ಸಂಖ್ಯೆಯನ್ನು ರೋಗಿಯ ಫೋನಿನಲ್ಲಷ್ಟೇ ಅಲ್ಲ, ಜೊತೆಗೆ ಹೋಗುವವರ ಫೋನಿನಲ್ಲೂ ಸೇರಿಸಿಕೊಡಿ.